ಆಫ್ರಿಕಾದ ಕೆಂಪು, ಮಾಟುಂಗದ ಓಕುಳಿ

ಮೊನ್ನೆ ಮಾಟುಂಗದ ಮಾರ್ಕೆಟ್ಟಿನಲ್ಲಿ ಮಳೆ ಹಿಡಿದುಕೊಂಡಿತು. ಛತ್ರಿ ಮನೆಯಲ್ಲೇ ಬಿಟ್ಟು ಬಂದಿದ್ದೆ. ಈ ವಯಸ್ಸಿನಲ್ಲಿ ನಾನು ಮರೆಯದೆ ತರುವುದು ಕನ್ನಡಕ ಒಂದನ್ನೇ, ಅದೂ ಮೂಗಿನ ಮೇಲಿರುತ್ತದೆ ಅಂತ. ವೀಳ್ಯದೆಲೆ, ಹಸಿ ಅರಿಸಿನದ ಕೊಂಬು ಮಾರುವ ಅಂಗಡಿಯೊಂದರ ತಗಡಿನ ಕೆಳಗೆ ಓಡಿ ನಿಂತೆ. ಅಂಗಡಿಯವನು ಎಲೆಗೆ ಸುಣ್ಣ ಸವರುತ್ತಿದ್ದವನು ಅದೇ ಕೈಯಲ್ಲಿ ಮುರಿದ ಕೊಂಬುಗಳನ್ನು ಪಕ್ಕಕ್ಕೆ ಸರಿಸಿದ. ಅವನ ಬೆರಳ ತುದಿ ಕೆಂಪಗಾಯಿತು. ಒದ್ದೆ ಸುಣ್ಣ, ಹಸಿ ಅರಿಸಿನ, ಮಳೆ. ಮೂರರ ವಾಸನೆ ಒಟ್ಟಿಗೆ ಮೂಗಿಗೆ ಬಂದದ್ದೇ ತಡ, ನಾನು ಅಲ್ಲಿರಲಿಲ್ಲ. "ಕ್ಯಾ ಚಾಹಿಯೆ ಆಂಟಿ?" ಎಂದು ಅವನು ಕೇಳಿದ್ದಕ್ಕೆ "ಏನೂ ಬ್ಯಾಡಪಾ" ಎಂದು ಧಾರವಾಡದ ಕನ್ನಡದಲ್ಲೇ ಅಂದುಬಿಟ್ಟೆ. ಪುಣ್ಯಕ್ಕೆ ಅವನು ಉಡುಪಿಯ ಕಡೆಯವನು. "ನಿಂತ್ಕೊಳ್ಳಿ ಅಮ್ಮ, ಮಳೆ ಬಿಡ್ಲಿ" ಅಂದ. ನಿಂತೆ. ಮಳೆ ಬಿಟ್ಟ ಮೇಲೂ ನಿಂತಿದ್ದೆ.

ಐವತ್ತರ ದಶಕದ ನಡುವಿನ ಒಂದು ವರ್ಷ. ನಾವಾಗ ಮಾಟುಂಗ ಸ್ಟೇಷನ್ನಿಗೆ ಹತ್ತಿರದ ಹಳೆಯ ಬಿಲ್ಡಿಂಗೊಂದರ ಮೊದಲ ಮಹಡಿಯಲ್ಲಿದ್ದೆವು. ಮನೆಯ ಯಜಮಾನ ನನ್ನ ಅಣ್ಣ; ದಿನಾ ಬೆಳಿಗ್ಗೆ ಲೋಕಲ್ ಹಿಡಿದು ವಿಕ್ರೋಳಿಯ ಕಾರ್ಖಾನೆಯೊಂದಕ್ಕೆ ಆಫೀಸು ಕೆಲಸಕ್ಕೆ ಹೋಗುತ್ತಿದ್ದ. ಅತ್ತಿಗೆ ತೀರಿಕೊಂಡಾಗ ಅವರ ಮಗಳು ಉಷಾ ಇನ್ನೂ ಹಾಲು ಬಿಟ್ಟಿರಲಿಲ್ಲ. ಆ ಕೂಸನ್ನು ಎತ್ತಿ ಆಡಿಸಿ, ಜ್ವರ ಬಂದರೆ ರಾತ್ರಿಯಿಡೀ ತೊಡೆಯ ಮೇಲೆ ಹಾಕಿಕೊಂಡು ಕೂತು ದೊಡ್ಡವಳನ್ನಾಗಿ ಮಾಡಿದವಳು ನಮ್ಮಪ್ಪನ ತಂಗಿ, ತುಂಗತ್ತೆ. ನಾವು ಅತ್ತೀ ಎಂದು ಕರೆಯುವುದನ್ನು ಕೇಳಿ ಕೇಳಿ ಉಷಾಳೂ ಹಾಗೇ ಕರೆಯುತ್ತಿದ್ದಳು.

ತುಂಗತ್ತೆ ಚಿಕ್ಕಂದಿನಲ್ಲೇ ವಿಧವೆಯಾದವಳು. ಆ ಕಾಲದ ಮಡಿ ಹೆಂಗಸರಂತೆ ತಲೆ ಬೋಳಿಸಿ, ಅಂಚಿಲ್ಲದ ಕೆಂಪು ಸೀರೆಯ ಸೆರಗನ್ನು ತಲೆತುಂಬ ಹೊದ್ದು ಇರುತ್ತಿದ್ದಳು. ಹಾಗಂತ ಮೂಲೆ ಹಿಡಿದು ಕೂರುವ ಜೀವವಲ್ಲ. ನಳದ ನೀರಿಗಾಗಿ ಕೆಳಗಿನ ಮನೆಯ ಮರಾಠಿ ಹೆಂಗಸಿನೊಡನೆ ದಿನಾ ಜಗಳ, ಸಂಜೆ ಅದೇ ಹೆಂಗಸಿಗೆ ಒಂದು ಬಟ್ಟಲು ಸಾರು. ತರಕಾರಿಯವನೊಡನೆ ಅವಳಾಡುತ್ತಿದ್ದದ್ದು ಕನ್ನಡವೋ ಮರಾಠಿಯೋ ಹಿಂದಿಯೋ ಅವಳಿಗೇ ಗೊತ್ತಿರಲಿಲ್ಲ. ಅವನಿಗೆ ಮಾತ್ರ ಪೂರಾ ತಿಳಿಯುತ್ತಿತ್ತು.

ನಾನು ಎಂ.ಎ.ಗೆ ಸಮಾಜಶಾಸ್ತ್ರದ ಪ್ರಬಂಧ ಬರೆಯುತ್ತಿದ್ದ ವರ್ಷ ಅದು. ಜೊತೆಯವರೆಲ್ಲ ತಂತಮ್ಮ ಜಾತಿ, ತಂತಮ್ಮ ತಾಲೂಕು ಆರಿಸಿಕೊಂಡರೆ, ನಮ್ಮ ಪ್ರೊಫೆಸರು ನನ್ನ ತಲೆಗೆ ಕಟ್ಟಿದ್ದು ಆಫ್ರಿಕಾದ ಬೇಟೆಗಾರ ಬುಡಕಟ್ಟುಗಳ ಆಚರಣೆ ಮತ್ತು ಕಥೆಗಳಲ್ಲಿ ಬಣ್ಣದ ಅರ್ಥ. "ಎಲ್ಲರೂ ತಮ್ಮ ಅಂಗಳವನ್ನೇ ಗುಡಿಸುತ್ತಾ ಕೂತರೆ ಹೇಗಮ್ಮ?" ಅಂದಿದ್ದರು. ಬೊಂಬಾಯಿ ಬಂದರಿನಿಂದ ಮೊಂಬಾಸಾಕ್ಕೆ ಹಡಗು ಹೋಗುತ್ತಿದ್ದ ಕಾಲ ನಿಜ. ನನ್ನ ಆಫ್ರಿಕಾ ಮಾತ್ರ ಲೈಬ್ರರಿಯ ನಾಲ್ಕು ಕಪಾಟಿನೊಳಗೇ ಇತ್ತು. ದಕ್ಷಿಣದ ಒಣನೆಲದಲ್ಲಿ ಬೇಟೆಯಾಡಿ, ಗೆಡ್ಡೆಗೆಣಸು ಅಗೆದು ಬದುಕುತ್ತಿದ್ದ ಜನರ ಬಗ್ಗೆ ಓದುತ್ತಿದ್ದೆ. ಆಗಿನ ಪುಸ್ತಕಗಳು ಅವರನ್ನು ಬುಷ್‌ಮನ್ ಎನ್ನುತ್ತಿದ್ದವು, ಈಗ ಸ್ಯಾನ್ ಜನ ಎನ್ನುತ್ತಾರೆ.

ಇಂಗ್ಲಿಷಿನಲ್ಲಿ ಓದಿದ್ದು ತಲೆಗೆ ಹತ್ತಬೇಕಾದರೆ ನನಗೆ ಒಂದೇ ದಾರಿಯಿತ್ತು. ಸಂಜೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ತುಂಗತ್ತೆಗೆ ಅದನ್ನು ಕಥೆಯ ಹಾಗೆ ಹೇಳುವುದು. ಅವಳಿಗೆ ತಿಳಿಯುವ ಹಾಗೆ ಹೇಳಲು ಬಂದರೆ ಮರುದಿನ ಬರೆಯಲೂ ಬರುತ್ತಿತ್ತು. ಅವಳು ಈಳಿಗೆಮಣೆಯ ಮುಂದೆ, ನಾನು ಹೊಸ್ತಿಲಲ್ಲಿ, ಉಷಾ ಹೊರಗಿನ ಕೋಣೆಯಲ್ಲಿ ಶಾಲೆಯ ಲೆಕ್ಕ ಮಾಡುವ ನೆವದಲ್ಲಿ. ಲೆಕ್ಕ ಎಷ್ಟು ಆಗುತ್ತಿತ್ತೋ ದೇವರೇ ಬಲ್ಲ, ಕಿವಿಯಂತೂ ಇತ್ತಲೇ ಇರುತ್ತಿತ್ತು.

ಮೊದಲು ಹೇಳಿದ್ದು ಜೇನಿನ ಕಥೆ. ಮುಂಗಾಲು ಮಡಚಿ ಕೈಮುಗಿದಂತೆ ಕೂರುವ ಹಸಿರು ಹುಳುವೊಂದಿದೆಯಲ್ಲ, ಆ ಜನರ ಕಥೆಗಳಲ್ಲಿ ಅದೇ ದೊಡ್ಡ ಮಾಯಗಾರ. ಕಾಡಿನ ಹುಲ್ಲೆಗಳಿಗೆಲ್ಲ ಬಣ್ಣ ಬಂದದ್ದು ಅವನು ತಿನ್ನಿಸಿದ ಜೇನಿನಿಂದ. ಬಿಳಿ ಜೇನು ತಿಂದದ್ದು ಬಿಳಿಯಾಯಿತು, ಮರಿಗಳಿದ್ದ ಕೆಂಪು ಜೇನುಹುಟ್ಟು ತಿಂದದ್ದು ಕೆಂಪಾಯಿತು, ಕಪ್ಪನೆಯದು ತಿಂದದ್ದು ಕಪ್ಪಾಯಿತು.

ಉಷಾ ಪುಸ್ತಕ ಬಿಟ್ಟು ಎದ್ದೇ ಬಂದಳು. ಬಣ್ಣದಲ್ಲಿ ಅವಳು ನಮ್ಮೆಲ್ಲರಿಗಿಂತ ಒಂದು ಕೈ ಹೆಚ್ಚು ಕಪ್ಪು, ಶಾಲೆಯಲ್ಲಿ ಅದಕ್ಕೇ ಕಾಡಿಸುತ್ತಿದ್ದರು. "ಹಂಗಾರ ನಾ ಯಾವ ಜೇನು ತಿಂದಿದ್ದೆ ತುಂಗತ್ತಿ?"

"ನೀ ಎಲ್ಲಿ ಜೇನು ತಿಂದೀ? ಭರಣಿಯೊಳಗಿನ ಹುಣಸಿಹಣ್ಣು ಕದ್ದು ತಿಂದೀದಿ. ಅದರ ಬಣ್ಣ ಅದು," ಎಂದು ತುಂಗತ್ತೆ ಅವಳ ಮೂಗು ಹಿಂಡಿದಳು. ಮೂವರೂ ನಕ್ಕೆವು. ನಗು ಮುಗಿದ ಮೇಲೆ ತನ್ನ ಸೆರಗನ್ನೊಮ್ಮೆ ನೋಡಿಕೊಂಡು, "ನನಗ ಯಾರು ಯಾವ ಹುಟ್ಟು ತಿನಿಸಿದ್ರೋ" ಅಂದಳು.

ಇನ್ನೊಂದು ಸಂಜೆ ಮೈನೆರೆದ ಹುಡುಗಿಯ ಆಚರಣೆ ಹೇಳಿದೆ. ಅಲ್ಲಿಯೂ ಹುಡುಗಿ ನಮ್ಮ ಹಾಗೆಯೇ ಬೇರೆ ಕೂರಬೇಕು, ಸಣ್ಣ ಗುಡಿಸಲಲ್ಲಿ, ತಲೆ ಎತ್ತಿ ನೋಡಬಾರದು. ಹೊರಗೆ ಬಂದ ಮೇಲೆ ನೋಡಿ, ನಮ್ಮದಕ್ಕೂ ಅವರದಕ್ಕೂ ಇರುವ ವ್ಯತ್ಯಾಸ. ನಮ್ಮಲ್ಲಿ ಎಲ್ಲರೂ ಸೇರಿ ಹುಡುಗಿಗೆ ಕುಂಕುಮ ಹಚ್ಚುತ್ತಾರೆ. ಅವರಲ್ಲಿ ಹುಡುಗಿಯೇ ಹೆಂಗಸರಿಗೆಲ್ಲ ಕೆಂಪು ಕಲ್ಲಿನ ಪುಡಿ ಕೊಡುತ್ತಾಳೆ, ಅವರು ಅದನ್ನು ಕೆನ್ನೆಗೆ ಹಚ್ಚಿಕೊಳ್ಳುತ್ತಾರೆ. ಸಿಡಿಲು ಬಡಿಯದಿರಲಿ ಎಂದು ಗಂಡುಹುಡುಗರ ಮೈಮೇಲೆ ಪಟ್ಟೆ ಎಳೆಯುತ್ತಾಳೆ. ಮಳೆಗೆ ಸಿಟ್ಟು ಬರದಿರಲಿ ಎಂದು ಹೊಂಡದ ನೀರಿಗೂ ಒಂದಿಷ್ಟು ಉದುರಿಸುತ್ತಾಳೆ. ಆ ಹೊತ್ತಿನಲ್ಲಿ ಕೆಂಪು ಅವಳ ಕೈಯಲ್ಲಿರುತ್ತದೆ.

ಈಳಿಗೆಯ ಸಪ್ಪಳ ನಿಂತಿತು. "ಎಲ್ಲಾ ಹೆಂಗಸರಿಗೂ ಕೊಡತಾಳೇನು? ಗಂಡ ಸತ್ತಾಕಿಗೂ?"

ನಾನು ಪುಸ್ತಕ ತಿರುವಿದೆ. "ಹೆಂಗಸರಿಗೆ ಅಂತಷ್ಟ ಬರದಾರ ಅತ್ತಿ. ಯಾರನ್ನೂ ಬಿಟ್ಟಂಗ ಕಾಣಂಗಿಲ್ಲ."

ತುಂಗತ್ತೆ ಬದನೆಕಾಯಿ ಕೈಯಲ್ಲಿ ಹಿಡಿದುಕೊಂಡೇ ಹೇಳಿದಳು: "ನಾ ದೊಡ್ಡಾಕಿ ಆಗೂಕಿಂತ ಮೊದಲ ಅಂವ ಹೋದ. ಅಂವನ ಮಾರಿ ಸುದ್ದಾ ನೆಟ್ಟಗ ನೆನಪಿಲ್ಲ ನನಗ. ಮುಂದ ನಾ ದೊಡ್ಡಾಕಿ ಆದೆ. ಓಣಿಯೊಳಗ ನನ್ನ ಜೋಡಿಯ ಹುಡುಗ್ಯಾರಿಗೆಲ್ಲ ಹಸರು ಸೀರಿ ಉಡಿಸಿ ಆರತಿ ಮಾಡಿದ್ರು. ನನಗ ಕ್ಷೌರದಾಂವನ್ನ ಕರಸಿದ್ರು. ಅವತ್ತ ಉಡಿಸಿದ್ದು ಈ ಕೆಂಪು." ಅಳಲಿಲ್ಲ. ದನಿಯೂ ಏರಲಿಲ್ಲ. "ಬದನಿಕಾಯಿ ಕರ್ರಗ ಆಗ್ತಾವ, ನೀರಾಗ ಹಾಕು," ಎಂದು ಹೋಳುಗಳನ್ನು ನನ್ನ ಕಡೆ ತಳ್ಳಿದಳು. ನಾನು ಅವನ್ನು ನೀರಿಗೆ ಹಾಕಿದೆ. ಆಚೆ ಉಷಾಳ ಪೆನ್ಸಿಲಿನ ಸದ್ದೂ ಇರಲಿಲ್ಲ.

ಆ ಮಳೆಗಾಲದಲ್ಲೇ ಉಷಾ ಮೈನೆರೆದಳು. ಸುದ್ದಿ ಮುಟ್ಟಿದ ಕೂಡಲೇ ವಿಜಾಪುರದಿಂದ ಅವಳ ತಾಯಿಯ ತಾಯಿ ಅಂಬಕ್ಕಜ್ಜಿ ರೈಲು ಹತ್ತಿ ಬಂದರು. ಟ್ರಂಕಿನಲ್ಲಿ ಹುಡುಗಿಗೆ ಉಡಿಸಲು ಹಸಿರು ಪತ್ತಲ, ಹಸಿರು ಬಳೆ, ಒಣಕೊಬ್ಬರಿ. ಬೊಂಬಾಯಿಯಲ್ಲಿ ಆಗಲೇ ಇಂಥವನ್ನೆಲ್ಲ ಜನ ಬಿಡುತ್ತಾ ಬಂದಿದ್ದರು. ಅಜ್ಜಿ ಮಾತ್ರ ಕೇಳಲಿಲ್ಲ. ಐದನೆಯ ದಿನ ತಲೆಗೆ ನೀರು ಹಾಕಿ, ಸಂಜೆ ಐದು ಮಂದಿ ಮುತ್ತೈದೆಯರಿಂದ ಆರತಿ ಆಗಲೇಬೇಕು. ಇದ್ದೊಬ್ಬ ಮಗಳ ಇದ್ದೊಬ್ಬ ಮಗಳು. ಬಂದ ದಿನವೇ ಗೋಡೆಯ ಮೇಲಿನ ಅತ್ತಿಗೆಯ ಫೋಟೋ ಮುಂದೆ ನಿಂತು ಅವರು ಅತ್ತ ರೀತಿ ನೋಡಿದರೆ ಯಾರಿಗೂ ಎದುರು ಮಾತಾಡುವ ಮನಸ್ಸು ಬರುತ್ತಿರಲಿಲ್ಲ.

ಆರತಿಯ ಹಿಂದಿನ ದಿನ ಅಜ್ಜಿ ಅಡುಗೆಮನೆಗೆ ಬಂದು ತುಂಗತ್ತೆಯ ಪಕ್ಕದಲ್ಲಿ ಕೂತರು. "ತುಂಗಕ್ಕ, ತಪ್ಪ ತಿಳಕೋಬ್ಯಾಡ್ರಿ. ನಾಳೆ ನೈವೇದ್ಯದ ಅಡಗಿ ಎಲ್ಲಾ ನಿಮ್ಮ ಕೈಲೇ ಆಗಬೇಕು. ಆರತಿ ಹೊತ್ತಿಗೆ ಮಾತ್ರ ಸ್ವಲ್ಪ ಒಳಗ… ಕೂಸಿನ ಕಣ್ಣಿಗೆ ಬೀಳಧಂಗ… ನನ್ನ ಮಗಳು ಸಣ್ಣ ವಯಸ್ಸಿನ್ಯಾಗ ಹೋದ್ಲು. ಈ ಕೂಸಿಗೆ ಏನೂ ಆಗಬಾರದು ಅಂತ ನನಗ ಅಂಜಿಕಿ."

"ಇದರಾಗ ತಪ್ಪೇನದರಿ?" ಅಂದಳು ತುಂಗತ್ತೆ. "ಪದ್ಧತಿ ನನಗ ಹೊಸಾದೇನು? ನಾ ಒಲಿ ಮುಂದನ ಇರ್ತೀನಿ."

ಮಡಿ ಹೆಂಗಸಿನ ಕೈಯ ಅಡುಗೆ ದೇವರಿಗೂ ಆಗುತ್ತಿತ್ತು. ಅವಳ ಮುಖ ಆಗುತ್ತಿರಲಿಲ್ಲ. ಇದನ್ನು ಕೇಳಿಸಿಕೊಂಡ ಉಷಾ ಮೂಲೆಯಲ್ಲಿ ತಾನು ಕೂತಿದ್ದ ಚಾಪೆಯಿಂದಲೇ ನನ್ನನ್ನು ಕರೆದು, "ತುಂಗತ್ತಿ ಹೊರಗ ಬರಲಿಲ್ಲಂದ್ರ ನಾ ಮಣಿ ಮ್ಯಾಲೆ ಕೂಡಂಗಿಲ್ಲ, ಹೇಳೇನಿ" ಅಂದಳು. ಮರುದಿನ ಬೆಳಿಗ್ಗೆ ನಾನು ಅಣ್ಣನಿಗೆ ಹೇಳಿದೆ. ಅವನು ಸಾಕ್ಸು ಎಳೆದುಕೊಳ್ಳುತ್ತಾ, "ಹೆಂಗಸರ ವಿಷಯದಾಗ ನನ್ನ ಎಳೀಬ್ಯಾಡವಾ ವಿಮಲಾ" ಎಂದು ಛತ್ರಿ ಹಿಡಿದು ಇಳಿದೇ ಹೋದ. ಗಂಡಸರಿಗೆ ಆಫೀಸು ಅನ್ನುವುದು ಎಷ್ಟು ಅನುಕೂಲದ ಜಾಗ ಅಂತ ಅವತ್ತು ಗೊತ್ತಾಯಿತು.

ಆರತಿಯ ದಿನ ಬೆಳಿಗ್ಗೆಯಿಂದಲೇ ಮಳೆ. ಮಧ್ಯಾಹ್ನದ ಹೊತ್ತಿಗೆ ರಸ್ತೆಯ ಮೇಲೆ ಮೊಣಕಾಲುದ್ದ ನೀರು, ಹಳಿಯ ಮೇಲೆ ನೀರು ನಿಂತು ಲೋಕಲ್ ಬಂದ್. ಕರೆದಿದ್ದ ಮುತ್ತೈದೆಯರಲ್ಲಿ ಇಬ್ಬರು ಸಾಂತಾಕ್ರೂಜಿನವರು, ಒಬ್ಬಾಕೆ ವಿಕ್ರೋಳಿಯವರು. ಯಾರೂ ಬರುವ ಲಕ್ಷಣವಿರಲಿಲ್ಲ. ಬಂದವರು ಮೇಲಿನ ಮಹಡಿಯ ಕಮಲಕ್ಕ ಒಬ್ಬರೇ. ಅವರ ಗಂಡ ನಮ್ಮ ಬಿಲ್ಡಿಂಗಿನ ಕೆಳಗೇ ಉಡುಪಿ ಹೋಟೆಲು ನಡೆಸುತ್ತಿದ್ದರು.

"ಎಂಥ ಮಳೆ ಮಾರಾಯ್ರೆ! ಹೋಟೆಲಿನ ಒಳಗೆ ನೀರು ಬಂದಿದೆ," ಎಂದು ಸೀರೆಯ ಅಂಚು ಹಿಂಡುತ್ತಾ ಬಂದರು ಕಮಲಕ್ಕ. "ಗಿರಾಕಿಗಳು ಕಾಲು ಬೆಂಚಿನ ಮೇಲೆ ಇಟ್ಟು ಇಡ್ಲಿ ತಿಂತಾ ಇದ್ದಾರೆ. ಏಳುದಿಲ್ಲ ಅಂತಾರೆ!"

ಅಂಬಕ್ಕಜ್ಜಿಗೆ ನಗುವ ಮನಸ್ಸಿರಲಿಲ್ಲ. ಕಿಟಕಿಗೂ ಬಾಗಿಲಿಗೂ ಓಡಾಡಿ ಸಾಕಾಗಿ ಹೋದರು. ಸಂಜೆಗಪ್ಪು ಇಳಿಯುತ್ತಿತ್ತು. ಐದು ಬೇಕಾದಲ್ಲಿ ತಾವು ಒಬ್ಬರು, ಕಮಲಕ್ಕ ಒಬ್ಬರು. ನನಗಂತೂ ಮದುವೆಯೇ ಆಗಿರಲಿಲ್ಲ. "ಆಗಲಿ, ಇದ್ದಷ್ಟ ಮಂದಿ ಮಾಡೂಣು. ಹೊತ್ತು ಮೀರಬಾರದು," ಎಂದು ಕೊನೆಗೆ ಆರತಿಯ ತಟ್ಟೆಗೆ ಓಕುಳಿ ಕೇಳಿದರು. ಅರಿಸಿನದ ನೀರಿಗೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದಲ್ಲ, ಅದು. ಕಲಸಿದವಳು ಒಳಗಿದ್ದ ತುಂಗತ್ತೆಯೇ. ಅಡುಗೆಮನೆಯ ಪರದೆಯ ಸಂದಿನಿಂದ ತಟ್ಟೆ ಹೊರಬಂತು. ಹಿಡಿದ ಕೈ ಮಾತ್ರ ಕಂಡಿತು, ಬೆರಳೆಲ್ಲ ಕೆಂಪಾಗಿತ್ತು.

ಉಷಾ ಹಸಿರು ಪತ್ತಲದಲ್ಲಿ ಮಣೆಯ ಮುಂದೆ ನಿಂತಿದ್ದಳು. ಆ ಬಣ್ಣ ಅವಳ ಮೈಗೆ ಎಷ್ಟು ಒಪ್ಪಿತ್ತೆಂದರೆ, ಕಾಡಿಸಿದವರೆಲ್ಲ ಬಂದು ನೋಡಬೇಕಿತ್ತು. "ಕೂಡವಾ" ಅಂದರು ಅಜ್ಜಿ. ಅವಳು ಕೂರಲಿಲ್ಲ. ಬಗ್ಗಿ, ಎರಡೂ ಅಂಗೈಯನ್ನು ಓಕುಳಿಯಲ್ಲಿ ಅದ್ದಿದಳು. ತೊಟ್ಟಿಕ್ಕುವ ಕೈ ಮುಂದೆ ಹಿಡಿದು ಪರದೆ ಸರಿಸಿ ನೇರ ಒಳಗೆ ಹೋದಳು. ನಾನೂ ಹಿಂದೆಯೇ ಓಡಿದೆ.

ತುಂಗತ್ತೆ ಹೋಳಿಗೆ ಮಗುಚುತ್ತಿದ್ದಳು. ಉಷಾ ಅವಳ ಎರಡೂ ಕೆನ್ನೆಗೆ ಎರಡೂ ಅಂಗೈ ಒತ್ತಿ ಹಿಡಿದಳು.

"ಅಯ್ಯಯ್ಯ! ಏನ ಮಾಡಿದೆವಾ ಹುಡುಗೀ! ಬಿಡಽ, ಬಿಡು ನನ್ನ!" ಎಂದು ತುಂಗತ್ತೆ ಕೂಗಿದಳು.

ಅಂಬಕ್ಕಜ್ಜಿ ಬಾಗಿಲಲ್ಲಿ ನಿಂತಿದ್ದರು. ಮುಖ ಬಿಳಿಚಿತ್ತು. "ಯಾರು ಕಲಿಸಿದ್ರು ನಿನಗ ಇದನ್ನ?"

"ಆಫ್ರಿಕಾದವರು ಅಜ್ಜಿ," ಅಂದಳು ಉಷಾ.

ಅಜ್ಜಿ ನನ್ನ ಮುಖ ನೋಡಿದರು. ನಾನು ಒಲೆಯ ಕಡೆ ನೋಡಿದೆ. ಹುಡುಗಿ ಒಂದೇ ಉಸಿರಿನಲ್ಲಿ ಹೇಳುತ್ತಾ ಹೋದಳು: "ಅಲ್ಲೆ ದೊಡ್ಡಾಕಿ ಆದ ಹುಡುಗೀನ ಎಲ್ಲಾರಿಗೂ ಕೆಂಪು ಕೊಡತಾಳ. ಯಾರನ್ನೂ ಬಿಡಂಗಿಲ್ಲ. ಬಿಟ್ರ ಸಿಡಿಲು ಬಡೀತದ, ಮಳಿ ಸಿಟ್ಟಾಗ್ತದ. ತುಂಗತ್ತಿಗೆ ಯಾರೂ ಆರತಿ ಮಾಡಲೇ ಇಲ್ಲ ಅಜ್ಜಿ. ಆಕಿ ದೊಡ್ಡಾಕಿ ಆದಾಗ ಎಲ್ಲಾರೂ ಕೂಡಿ ಕೂದಲಾ ತಗಸಿದ್ರು. ಇವತ್ತ ಆಕಿಗೆ ಮಾಡ್ರಿ. ಆಮ್ಯಾಲೆ ನನಗ ಮಾಡ್ರಿ." ಹೇಳಿ ಮುಗಿಸಿ ಗೊಳೋ ಎಂದು ಅತ್ತಳು.

ಹೊರಗೆ ಗುಡುಗಿತು. ಕಮಲಕ್ಕ ಬೆಚ್ಚಿ, ಅಜ್ಜಿಯ ಭುಜದ ಮೇಲಿನಿಂದ ಮುಖ ಮುಂದೆ ಚಾಚಿ, "ನಂಗೂ ಸ್ವಲ್ಪ ಹಚ್ಚು ಮಗಾ, ಸಿಡಿಲಿನ ವಿಷಯ ನಂಗೆ ಹೆದರಿಕೆ" ಅಂದರು. ಉಷಾ ಅಳುತ್ತಲೇ ಅವರ ಕೆನ್ನೆಗೂ ಹಚ್ಚಿದಳು.

ಅಂಬಕ್ಕಜ್ಜಿ ಅಲ್ಲೇ ನಿಂತಿದ್ದರು. ತುಂಗತ್ತೆಯ ಕೆನ್ನೆಯ ಮೇಲೆ ಐದೈದು ಬೆರಳು ಎದ್ದು ಕಾಣುತ್ತಿದ್ದವು. ಅಜ್ಜಿಯ ಕಣ್ಣು ಅಲ್ಲಿಂದ ಫೋಟೋದತ್ತ ಹೋಗಿ ಮತ್ತೆ ಬಂತು. "ಕುಂಕುಮ ಹಚ್ಚಬಾರದು ಅಂತ ಅದ," ಎಂದು ತಮ್ಮಷ್ಟಕ್ಕೆ ತಾವೇ ಅಂದುಕೊಂಡರು. "ಕೆನ್ನಿಗೆ ಓಕುಳಿ ಹಚ್ಚಬಾರದು ಅಂತ ನಾ ಎಲ್ಲೂ ಕೇಳಿಲ್ಲ." ಆಮೇಲೆ ಹಂಚಿನ ಕಡೆ ನೋಡಿ, "ತುಂಗಕ್ಕ, ಹೋಳಗಿ ಹೊತ್ತಲಿಕ್ಕೆ ಹತ್ಯದ. ಹಂಚು ಇಳಿಸಿ ಹೊರಗ ಬರ್ರಿ" ಅಂದರು.

"ಬ್ಯಾಡ್ರಿ ಅಂಬಕ್ಕ. ಸಣ್ಣ ಹುಡುಗಿ, ಏನೋ ಅಂತದ. ಮಂದಿ ನೋಡಿದ್ರ ಏನಂದಾರು?"

"ಮಂದಿ ಎಲ್ಲಿದ್ದಾರ್ರಿ? ಎಲ್ಲಾ ಲೋಕಲಿನ್ಯಾಗ ಸಿಕ್ಕೊಂಡಾರ. ನನ್ನ ಮಗಳ ಕೂಸನ್ನ ಬೆಳೆಸಿದವರು ನೀವು. ನಿಮ್ಮ ದೃಷ್ಟಿ ಆಗೂದಿದ್ರ ಇಷ್ಟು ದಿನದಾಗ ಆಗಬೇಕಿತ್ತು. ಬರ್ರಿ, ಕೂಡ್ರಿ."

ಇನ್ನೊಂದು ಮಣೆ ನಾನು ಹಾಕಿದೆ. ಹಸಿರು ಸೀರೆ, ಕೆಂಪು ಸೀರೆ ಪಕ್ಕಪಕ್ಕದಲ್ಲಿ ಕೂತವು. ತುಂಗತ್ತೆ ಆಗಷ್ಟೇ ಮೈನೆರೆದ ಹುಡುಗಿಯ ಹಾಗೆ ತಲೆ ತಗ್ಗಿಸಿದ್ದಳು. ಕಣ್ಣೀರು ಕೆನ್ನೆಯ ಕೆಂಪನ್ನು ಕೊಚ್ಚಿಕೊಂಡು ಸೀರೆಗೆ ಇಳಿಯುತ್ತಿತ್ತು. ಅಜ್ಜಿ ಆರತಿ ಎತ್ತಿ ಹಾಡು ಹಿಡಿದರು. ನಡುವೆ ದನಿ ಒಡೆಯಿತು. ನಮ್ಮ ಕಡೆಯ ಹಾಡು ಬಾರದ ಕಮಲಕ್ಕ ತಮಗೆ ಬಂದ ಯಾವುದೋ ತುಳು ಹಾಡನ್ನು ಅಲ್ಲಿಗೇ ಜೋಡಿಸಿ ಮುಂದುವರಿಸಿದರು. ರಾಗ ಎಲ್ಲಿಂದ ಎಲ್ಲಿಗೋ. ನನ್ನ ಬದುಕಿನಲ್ಲಿ ಅಷ್ಟು ಚೆಂದದ ಆರತಿ ನಾನು ಮತ್ತೆ ನೋಡಿಲ್ಲ.

ಆರತಿಯಾದ ಮೇಲೆ ಓಕುಳಿಯನ್ನು ಬಾಗಿಲ ಹೊರಗೆ ಚೆಲ್ಲಬೇಕು. ಉಷಾ ತುಂಗತ್ತೆಯ ಕೈ ಹಿಡಿದು ಮೆಟ್ಟಿಲಿಳಿದು, ಕೊನೆಯ ಮೆಟ್ಟಿಲವರೆಗೆ ಏರಿದ್ದ ಮಳೆನೀರಿಗೇ ಅದನ್ನು ಬಿಟ್ಟಳು. "ಸಿಟ್ಟು ಆಗಬ್ಯಾಡಪಾ ಮಳಿರಾಯಾ." ಮಳೆ ಅಲ್ಲಿಗೇ ನಿಂತಿತು ಎಂದು ಬರೆದರೆ ಸೊಗಸಾಗಿರುತ್ತಿತ್ತು. ನಿಲ್ಲಲಿಲ್ಲ. ಇನ್ನೂ ಜೋರಾಯಿತು. ಅಣ್ಣ ಮನೆ ಸೇರಿದ್ದು ಮರುದಿನ ಬೆಳಿಗ್ಗೆ, ತೊಯ್ದು ತೊಪ್ಪೆಯಾಗಿ. ಹೋಳಿಗೆ ತಿನ್ನುತ್ತಾ, "ಎಲ್ಲಾ ಸುಸೂತ್ರ ಆತೇನು?" ಎಂದು ಕೇಳಿದ. "ಆತು" ಅಂದೆವು ನಾಲ್ವರೂ.

ಪ್ರಬಂಧ ಮುಗಿಸಿದೆ. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರೊಬ್ಬರು, ಕೊನೆಗೂ ಆ ಜನರಲ್ಲಿ ಕೆಂಪಿನ ಅರ್ಥವೇನು ಎಂದು ಕೇಳಿದರು. ರಕ್ತ, ಜೀವ, ಬೇಟೆ, ಮಳೆ ಎಂದು ಓದಿದ್ದನ್ನೆಲ್ಲ ಹೇಳಿದೆ. ಆಮೇಲೆ ಸುಮ್ಮನಿರಲಾರದೆ, ಯಾರ ಕೈಯಿಂದ ಯಾರಿಗೆ ಹೋಗುತ್ತದೆ ಎಂಬುದನ್ನು ನೋಡದೆ ಬಣ್ಣದ ಅರ್ಥ ಹೇಳುವುದು ಕಷ್ಟ ಅಂದೆ. ಅವರಿಗೆ ಅದು ಉತ್ತರ ಅನ್ನಿಸಲಿಲ್ಲ. ಸೆಕೆಂಡ್ ಕ್ಲಾಸು ಬಂತು. ಅದೇ ಸೆಕೆಂಡ್ ಕ್ಲಾಸಿನ ಮೇಲೆ ಕಾಲೇಜಿನಲ್ಲಿ ಪಾಠ ಹೇಳಿ ಬದುಕಿದೆ, ಸಾಂತಾಕ್ರೂಜಿನಲ್ಲಿ ಮನೆ ಮಾಡಿದೆ. ಯಾವ ದೂರದ ಒಣನೆಲದಲ್ಲೋ ಯಾರದೋ ಮಗಳು ತನ್ನ ಕೈಯ ಕೆಂಪನ್ನು ಎಲ್ಲರಿಗೂ ಹಂಚಿದಳು. ಅದು ಯಾವ ದಾರಿ ಹಿಡಿದು ನಮ್ಮ ಅಡುಗೆಮನೆಗೆ ಬಂದು ಮುಟ್ಟಿತೋ. ಅವಳ ಹೆಸರೂ ನನಗೆ ಗೊತ್ತಿಲ್ಲ, ಅವಳ ಋಣ ಮಾತ್ರ ನನ್ನ ಮೇಲಿದೆ. ನೆನೆದಾಗಲೆಲ್ಲ ಕೈ ತಾನಾಗಿ ಮುಗಿಯುತ್ತದೆ.

ಮಾರ್ಕೆಟ್ಟಿನ ಆ ತಗಡಿನ ಕೆಳಗೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಆರತಿಯಲ್ಲ, ಅದರ ಮರುದಿನದ ಬೆಳಗು. ತುಂಗತ್ತೆ ಎಂದಿನಂತೆ ಎಲ್ಲರಿಗಿಂತ ಮೊದಲೆದ್ದು ಸ್ನಾನ ಮುಗಿಸಿದ್ದಳು. ನಾನು ಕಣ್ಣುಜ್ಜುತ್ತಾ ಬಂದಾಗ ಉಷಾಳ ಕೈಗನ್ನಡಿ ಹಿಡಿದು ಕಿಟಕಿಯ ಬೆಳಕಿನಲ್ಲಿ ನಿಂತಿದ್ದಳು. ಅವಳ ಕೈಯಲ್ಲಿ ಕನ್ನಡಿಯನ್ನು ನಾನು ಅದಕ್ಕೆ ಮೊದಲು ಕಂಡೇ ಇರಲಿಲ್ಲ.

"ಇಲ್ಲೆ ಬಾ ವಿಮಲಾ. ಕೆಂಪು ಹೋತು. ಇದು ಹೋಗವಲ್ದಲ್ಲವಾ?"

ನೋಡಿದೆ. ಸುಣ್ಣ ತೊಳೆದು ಹೋಗಿ ಕೆಂಪೆಲ್ಲ ಇಳಿದಿತ್ತು. ಕೆಳಗಿದ್ದ ಅರಿಸಿನ ಹಾಗೇ ಉಳಿದಿತ್ತು. ಎಣ್ಣೆನೀರು ಮಾಡಿಕೊಂಡ ಮುತ್ತೈದೆಯ ಹಾಗೆ ಎರಡೂ ಕೆನ್ನೆ ಹಳದಿಯಾಗಿ ಹೊಳೆಯುತ್ತಿದ್ದವು.

"ಕಡ್ಲಿಹಿಟ್ಟು ಹಚ್ಚಿ ತಿಕ್ಕಿದ್ರ ಹೋಗ್ತದ ಅತ್ತಿ. ತಂದು ಕೊಡ್ಲೇನು?"

ತುಂಗತ್ತೆ ಕನ್ನಡಿಯನ್ನು ಇನ್ನೊಮ್ಮೆ ಎತ್ತಿ ಹಿಡಿದಳು. ಈ ಕಡೆಯ ಕೆನ್ನೆ ನೋಡಿದಳು, ಆ ಕಡೆಯದನ್ನೂ ನೋಡಿದಳು.

"ಇರಲಿ ಬಿಡು," ಅಂದಳು. "ತಾನ ಹೋಗೂತನಾ ಇರಲಿ."

ಚೀಲ ತೆಗೆದುಕೊಂಡು ತರಕಾರಿ ತರಲು ಮೆಟ್ಟಿಲಿಳಿದಳು. ಸೆರಗನ್ನು ಎಂದಿನಷ್ಟು ಮುಂದಕ್ಕೆ ಎಳೆದುಕೊಂಡಿರಲಿಲ್ಲ.